ಒಬ್ಬ ರಾಜ, ಆ ರಾಜ

ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವುದನ್ನೇ ಬದುಕು ಮಾಡಿಕೊಂಡ ಆ ಶಿಕ್ಷಕಿಗೆ ಆರ್ಟಿಕಲ್‌ಗಳು ಮೊದಲು ಎದುರಾದದ್ದು ಪಟ್ಟಿಯ ರೂಪದಲ್ಲಿ. 1970ರ ದಶಕದ ಕೊನೆ, ತೀರ್ಥಹಳ್ಳಿ ಕಡೆಯ ಶಾಲೆ. ಐದನೇ ತರಗತಿಯಲ್ಲಿ ಎಬಿಸಿಡಿ ಕಲಿತು ಒಂಬತ್ತಕ್ಕೆ ಬಂದಿದ್ದ ಮಕ್ಕಳ ಮುಂದೆ ಇಂಗ್ಲಿಷ್ ಮೇಷ್ಟ್ರು ಬೋರ್ಡಿಗೆ ಎರಡು ಉದ್ದ ಗೆರೆ ಎಳೆದು ಮೂರು ಅಂಕಣ ಮಾಡುತ್ತಿದ್ದರು: ಎ, ಆ್ಯನ್, ದಿ. ನದಿಗೆ ದಿ ಬೇಕು, ಸಮುದ್ರಕ್ಕೆ ಬೇಕು, ಪರ್ವತಸಾಲಿಗೆ ಬೇಕು. ಒಂಟಿ ಶಿಖರಕ್ಕೆ ಬೇಡ, ಊರಿಗೆ ಬೇಡ, ಮನುಷ್ಯರ ಹೆಸರಿಗೆ ಬೇಡ. ಸೂರ್ಯ ಚಂದ್ರರಿಗೆ ಬೇಕು, ಬೆಳಗಿನ ತಿಂಡಿಗೆ ಬೇಡ. ಮೇಷ್ಟ್ರ ಕೈಯಲ್ಲಿದ್ದದ್ದು ರೆನ್ ಅಂಡ್ ಮಾರ್ಟಿನ್ ವ್ಯಾಕರಣ. 1930ರ ದಶಕದಲ್ಲಿ ಇಂಡಿಯಾದ ಶಾಲೆಗಳಿಗೆಂದೇ ಬಂದ ಆ ಪುಸ್ತಕ ಇಲ್ಲದ ಹೈಸ್ಕೂಲು ಆಗ ಅಪರೂಪ. ಮೇಷ್ಟ್ರು ಒಳ್ಳೆಯವರು, ಶ್ರದ್ಧೆಯವರು. ಹುಡುಗಿ ಪಟ್ಟಿಯನ್ನು ಉರು ಹೊಡೆದಳು, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿದಳು, ಅಂಕವೂ ಬಂತು.

ಆದರೆ ಸ್ವಂತವಾಗಿ ನಾಲ್ಕು ಸಾಲು ಬರೆಯಲು ಕೂತರೆ ಪಟ್ಟಿ ಕೈಕೊಡುತ್ತಿತ್ತು. 'ನಿನ್ನೆ ಅಂಗಡಿಗೆ ಹೋಗಿ ಪೆನ್ನು ತಂದೆ, ಪೆನ್ನು ಬರೆಯಲಿಲ್ಲ' ಎಂಬಷ್ಟು ಸರಳ ಮಾತಿಗೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಪೆನ್ನು ನದಿಯಲ್ಲ, ಶಿಖರವಲ್ಲ, ಸೂರ್ಯನೂ ಅಲ್ಲ. ಒಂದೇ ಪೆನ್ನು ಮೊದಲ ಸಲ ಎ, ಎರಡನೇ ಸಲ ದಿ ಆಗುವುದೇಕೆ? ತರಗತಿಯಲ್ಲಿ ಆ ಪ್ರಶ್ನೆ ಯಾರೂ ಕೇಳಲಿಲ್ಲ. ಕೇಳಬಹುದಾದ ಪ್ರಶ್ನೆ ಅದು ಎಂದು ಯಾರಿಗೂ ಹೊಳೆದಿರಲಿಲ್ಲ.

ಉತ್ತರ ಅವಳ ಮನೆಯಲ್ಲೇ ಇತ್ತು. ರಾತ್ರಿ ಊಟವಾದ ಮೇಲೆ ಅಜ್ಜಿ ಹೇಳುತ್ತಿದ್ದ ಕಥೆಗಳೆಲ್ಲ ಹೆಚ್ಚುಕಡಿಮೆ ಹೀಗೇ ಶುರುವಾಗುತ್ತಿದ್ದವು: ಒಂದೂರಲ್ಲಿ ಒಬ್ಬ ರಾಜ ಇದ್ದ, ಆ ರಾಜನಿಗೆ ಇಬ್ಬರು ಹೆಂಡತಿಯರು. ಕಥೆ ಹೇಳುವವರು 'ಆ ರಾಜ ಇದ್ದ' ಎಂದು ಶುರು ಮಾಡಿದರೆ ಮೂರು ವರ್ಷದ ಮಗುವೂ 'ಯಾವ ರಾಜ?' ಎಂದು ತಡೆಯುತ್ತದೆ. ಮೊದಲು ಒಬ್ಬ, ಆಮೇಲೆ ಆ. ಕೇಳುವವರಿಗೆ ಇನ್ನೂ ಗೊತ್ತಿಲ್ಲದ್ದು ಒಬ್ಬ, ಒಂದು. ಗೊತ್ತಾದ ಮೇಲೆ ಆ. ಇಂಗ್ಲಿಷಿನ ಎ ಮತ್ತು ದಿ ಮಾಡುವ ಮುಖ್ಯ ಕೆಲಸ ಇದೇ. ಈ ಸಂಗತಿ ಅವರಿಗೆ ಸ್ಪಷ್ಟವಾದದ್ದು ತಾವೇ ಶಿಕ್ಷಕಿಯಾಗಿ ಎಷ್ಟೋ ವರ್ಷ ಕಳೆದ ಮೇಲೆ. ಅಲ್ಲಿಂದ ಮುಂದೆ ಅವರ ಪಾಠವೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿತು: ಆರ್ಟಿಕಲ್ ನಾಮಪದಕ್ಕೆ ಅಂಟಿದ್ದಲ್ಲ, ಕೇಳುವವರ ತಿಳಿವಳಿಕೆಗೆ ಸಂಬಂಧಿಸಿದ್ದು.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇಂದಿನ ಬಗೆಯ ಆರ್ಟಿಕಲ್‌ಗಳು ಇರಲಿಲ್ಲ. 'ಒಂದು' ಎಂಬ ಅರ್ಥದ ಪದವೇ ಸವೆದು ಸವೆದು ಆ್ಯನ್ ಆಯಿತು. ವ್ಯಂಜನದ ಮುಂದೆ ಅದರ ನಕಾರ ಉದುರಿ ಎ ಉಳಿಯಿತು. 'ಆ, ಅದು' ಎಂದು ಬೆರಳು ಮಾಡಿ ತೋರಿಸುವ ಪದದ ಸಂತತಿ ದಿ. ಅಂದರೆ ಒಬ್ಬ ಮತ್ತು ಆ ಎಂಬುದು ಪಾಠಕ್ಕೆ ಅನುಕೂಲವೆಂದು ಹುಡುಕಿಕೊಂಡ ಹೋಲಿಕೆ ಅಲ್ಲ. ಇಂಗ್ಲಿಷ್ ತನ್ನ ಆರ್ಟಿಕಲ್‌ಗಳನ್ನು ಪಡೆದದ್ದೇ ಆ ದಾರಿಯಲ್ಲಿ. ವ್ಯತ್ಯಾಸ ಇಷ್ಟೇ: ಕನ್ನಡದಲ್ಲಿ ಒಬ್ಬ, ಆ ಎಂಬುವನ್ನು ಬೇಕಾದಾಗ ಬಳಸುತ್ತೇವೆ, ಬೇಡದಾಗ ಬಿಡುತ್ತೇವೆ. ಇಂಗ್ಲಿಷಿನಲ್ಲಿ ಅವು ಬಿಡಲಾಗದಷ್ಟು ಕಡ್ಡಾಯವಾಗಿ ಬೆಳೆದವು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಅಚ್ಚಾದ ಬರಹಗಳಿಂದ ಹತ್ತು ಲಕ್ಷ ಪದಗಳನ್ನು ಕೂಡಿಹಾಕಿ ಎಣಿಸಿದಾಗ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಪದ ದಿ. ಸುಮಾರು 70,000 ಸಲ ಬಂದಿತ್ತು. ಇಷ್ಟು ಬಳಕೆಯ ಪದವನ್ನು ಅಪವಾದಗಳ ಪಟ್ಟಿಯಿಂದ ಕಲಿಸಲು ಹೊರಡುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದು ಅವರು ಸಹೋದ್ಯೋಗಿಗಳ ಮುಂದೆ ನೇರವಾಗಿಯೇ ಹೇಳುತ್ತಿದ್ದರು.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ನಮ್ಮ ಮಕ್ಕಳಿಗೆ ಕಷ್ಟ ಎಂಬುದು ಸ್ಟಾಫ್ ರೂಮಿನ ಹಳೆಯ ಮಾತು. ಮಾತು ಅರ್ಧ ನಿಜ. ಪದ ಇಲ್ಲ, ಆದರೆ ಅದು ಮಾಡುವ ಕೆಲಸ ಕನ್ನಡದಲ್ಲಿ ನಿಂತಿಲ್ಲ. 'ಮೇಜಿನ ಮೇಲೆ ಪುಸ್ತಕ ಇದೆ' ಎಂದರೆ ಯಾವುದೋ ಒಂದು ಪುಸ್ತಕ. 'ಪುಸ್ತಕ ಮೇಜಿನ ಮೇಲೆ ಇದೆ' ಎಂದರೆ ನೀವು ಹುಡುಕುತ್ತಿರುವ ಅದೇ ಪುಸ್ತಕ. ಪದಗಳ ಸ್ಥಾನ ಬದಲಾಯಿತು, ಎ ಹೋಗಿ ದಿ ಬಂತು. ವಿಭಕ್ತಿ ಪ್ರತ್ಯಯವೂ ಈ ಕೆಲಸಕ್ಕೆ ಒದಗುತ್ತದೆ. 'ಪುಸ್ತಕ ಓದಿದೆ' ಎಂಬುದರಲ್ಲಿ ಓದಿದ್ದೇ ಮುಖ್ಯ, ಯಾವ ಪುಸ್ತಕವಾದರೂ ಆದೀತು. 'ಪುಸ್ತಕವನ್ನು ಓದಿದೆ' ಎಂದಾಗ ಇಂಥದ್ದೇ ಪುಸ್ತಕ ಎಂಬ ಭಾವ ಗಟ್ಟಿಯಾಗುತ್ತದೆ. ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಪುಸ್ತಕ ಬರೆದು ವಾದಿಸಿದಾಗ ಅದರ ಚರ್ಚೆ ನಡೆದದ್ದು ಹೆಚ್ಚಾಗಿ ಸಂಸ್ಕೃತವನ್ನು ಎದುರಿಗಿಟ್ಟುಕೊಂಡು. ಈ ಶಿಕ್ಷಕಿಗೆ ಅದು ಇಂಗ್ಲಿಷ್ ಪಾಠದ ಕಡೆಯಿಂದ ಮುಖ್ಯವಾಗಿ ಕಂಡಿತು. ತನ್ನ ಭಾಷೆ ಏನು ಮಾಡುತ್ತದೆ ಎಂದು ತಿಳಿದ ಮಗುವಿಗೆ ಇನ್ನೊಂದು ಭಾಷೆ ಏನು ಕೇಳುತ್ತಿದೆ ಎಂಬುದು ಬೇಗ ಕಾಣುತ್ತದೆ.

ಪಾಠದ ಕ್ರಮ ಬದಲಾಗಲು ಒಂದು ತರಬೇತಿ ಕಾರಣವಾಯಿತು. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ಅವರು ಬಂದಾಗ ಅಲ್ಲಿ ಎನ್.ಎಸ್. ಪ್ರಭು ಅವರ ಹೆಸರು ಇನ್ನೂ ಬಿಸಿಯಾಗಿ ಓಡಾಡುತ್ತಿತ್ತು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಪ್ರಭು ನಡೆಸಿದ ಪ್ರಯೋಗ ಜಗತ್ತಿನ ಭಾಷಾಬೋಧಕರ ನಡುವೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ವ್ಯಾಕರಣವನ್ನು ಬೋರ್ಡಿನ ಮೇಲೆ ಬಿಡಿಸಿಡುವ ಬದಲು ಮಕ್ಕಳ ಕೈಗೆ ಒಂದು ಕೆಲಸ ಕೊಡುವುದು: ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ಲೆಕ್ಕ ಹಾಕು, ನಕ್ಷೆ ನೋಡಿ ದಾರಿ ಹೇಳು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಅದರ ಬಗ್ಗೆ ಅವರ ಪುಸ್ತಕವೂ ಬಂತು. ಆ ವಾದವನ್ನು ಇಡಿಯಾಗಿ ಒಪ್ಪಿದವರು ಇದ್ದಾರೆ, ಒಪ್ಪದವರೂ ಇದ್ದಾರೆ. ಶಿಕ್ಷಕಿ ಅದರಿಂದ ಎತ್ತಿಕೊಂಡದ್ದು ಒಂದು ಅಂಶವನ್ನು: ಆರ್ಟಿಕಲ್ ತಪ್ಪಿದರೆ ಕೆಲಸವೂ ತಪ್ಪಬೇಕು, ಆಗ ಮಗುವಿಗೆ ಅದರ ಬೆಲೆ ಗೊತ್ತಾಗುತ್ತದೆ.

ಹಾಗೆ ಹುಟ್ಟಿದ್ದು ಚಿತ್ರದ ಪಾಠ. ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬನ ಕೈಯಲ್ಲಿ ಚಿತ್ರ, ಇನ್ನೊಬ್ಬನ ಕೈಯಲ್ಲಿ ಖಾಲಿ ಹಾಳೆ. ಚಿತ್ರ ಇರುವವನು ಇಂಗ್ಲಿಷಿನಲ್ಲಿ ಹೇಳಬೇಕು, ಇನ್ನೊಬ್ಬ ಹೇಳಿದಷ್ಟನ್ನೇ ಬರೆಯಬೇಕು. ಒಂದು ಜೋಡಿಯಲ್ಲಿ ಹುಡುಗ 'ಡ್ರಾ ಎ ಹೌಸ್' ಎಂದ, ಮನೆ ಬಂತು. 'ಡ್ರಾ ಎ ಟ್ರೀ ನಿಯರ್ ಎ ಹೌಸ್' ಎಂದ. ಗೆಳೆಯ ಇನ್ನೊಂದು ಮನೆ ಬರೆದು ಅದರ ಪಕ್ಕ ಮರ ನಿಲ್ಲಿಸಿದ. ಹಾಳೆ ತಿರುಗಿಸಿ ನೋಡಿದ ಹುಡುಗನಿಗೆ ಸಿಟ್ಟು ಬಂತು.

'ಅದೇ ಮನೆ ಮಾರಾಯ, ಇನ್ನೊಂದ್ ಯಾಕೆ ಬರ್ದೆ?'

'ನೀನು ಅದೇ ಅಂತ ಎಲ್ಲಿ ಹೇಳ್ದೆ? ಎ ಹೌಸ್ ಅಂದೆ. ಮತ್ತೊಂದು ಬರ್ದೆ.'

ತರಗತಿ ನಕ್ಕಿತು. ಆದರೆ ಆ ಗೆಳೆಯ ಹೇಳಿದ್ದು ಅಕ್ಷರಶಃ ಸರಿ. ಎ ಎಂದರೆ ನಿನಗೆ ಗೊತ್ತಿಲ್ಲದ ಹೊಸದೊಂದು ಬರುತ್ತಿದೆ ಎಂಬ ಸೂಚನೆ. ದಿ ಎಂದರೆ ಯಾವುದೆಂದು ನಿನಗೆ ಗೊತ್ತಿದೆ, ಹಿಂದಿರುಗಿ ನೋಡು ಎಂಬ ಸೂಚನೆ. ಶಿಕ್ಷಕಿ ಬೋರ್ಡಿನ ಮೇಲೆ ಏನನ್ನೂ ಬರೆಯಲಿಲ್ಲ. ಅಜ್ಜಿಕಥೆಯ ಮೊದಲ ಎರಡು ವಾಕ್ಯಗಳನ್ನು ಕನ್ನಡದಲ್ಲೇ ಹೇಳಿಸಿ, ಮತ್ತೆ ಚಿತ್ರಕ್ಕೆ ಕೂರಿಸಿದರು. ಮುಂದಿನ ಸುತ್ತಿನಲ್ಲಿ 'ನಿಯರ್ ದಿ ಹೌಸ್' ಎಂಬ ಮಾತು ಹಿಂದಿನ ಬೆಂಚಿನಿಂದಲೂ ಕೇಳಿಸಿತು. ಇದಕ್ಕೆ ಖರ್ಚು ಎಂದರೆ ಹಳೇ ಕ್ಯಾಲೆಂಡರಿನ ಹಾಳೆಗಳಷ್ಟೇ. ಹಳ್ಳಿಯ ಯಾವ ಶಾಲೆಯಲ್ಲಾದರೂ ನಡೆಯುವ ಪಾಠ.

ಎ ಮತ್ತು ಆ್ಯನ್ ನಡುವಿನ ಭೇದ ಇದಕ್ಕಿಂತ ಹಗುರವಾದದ್ದು, ಬರೀ ಕಿವಿಯ ವಿಷಯ. ಆದರೂ ಅದೇ ಹೆಚ್ಚು ಕಾಡುತ್ತಿತ್ತು. ಸ್ವರಾಕ್ಷರದ ಮುಂದೆ ಆ್ಯನ್ ಎಂದು ಮಕ್ಕಳು ಕಲಿತಿರುತ್ತಾರೆ. ನಿಜವಾದ ಅಳತೆಗೋಲು ಅಕ್ಷರ ಅಲ್ಲ, ಉಚ್ಚಾರ. ಭಾರತದ ಸಂವಿಧಾನದ ಒಂದನೇ ವಿಧಿಯ ಇಂಗ್ಲಿಷ್ ಪಾಠದಲ್ಲೇ 'ಎ ಯೂನಿಯನ್' ಎಂದಿದೆ. ಕಾಗದದ ಮೇಲೆ ಸ್ವರಾಕ್ಷರ, ಬಾಯಿಯಲ್ಲಿ ಯಕಾರ. ಹಾಗೆಯೇ 'ಆ್ಯನ್ ಅವರ್', 'ಆ್ಯನ್ ಎಂಎಲ್ಎ', 'ಆ್ಯನ್ ಎಫ್ಐಆರ್'. ನಮ್ಮಲ್ಲಿ ಇದಕ್ಕೆ ಇನ್ನೂ ಒಂದು ತೊಡಕು ಸೇರುತ್ತದೆ. ಕನ್ನಡದ ನಾಲಿಗೆ ಪದದ ಮೊದಲ ಎಕಾರವನ್ನು ಯೆ ಮಾಡುತ್ತದೆ. ಎಲ್ಲಿ ಎಂಬುದು ಬಾಯಲ್ಲಿ ಯೆಲ್ಲಿ, ಎಮ್ಮೆ ಯೆಮ್ಮೆ. ಮೊಟ್ಟೆಗೆ 'ಯೆಗ್' ಎನ್ನುವ ಮಗುವಿನ ಕಿವಿಗೆ ಅಲ್ಲಿ ಸ್ವರವೇ ಬಿದ್ದಿರುವುದಿಲ್ಲ. 'ಎ ಯೆಗ್' ಎಂದು ಅದು ಹೇಳಿದರೆ ತನಗೆ ಕೇಳಿಸಿದ್ದಕ್ಕೆ ನಿಯಮವನ್ನು ಸರಿಯಾಗಿಯೇ ಹಚ್ಚಿದೆ! ತಿದ್ದಬೇಕಾದ್ದು ಉಚ್ಚಾರವನ್ನು. ಇದು ಗೊತ್ತಾದ ಮೇಲೆ ಅವರು ಮೊದಲು ಎಗ್, ಎಲಿಫೆಂಟ್ ಎಂದು ಬಾಯಿ ತೆರೆಸಿ ಹೇಳಿಸಿದರು. ಆ್ಯನ್ ಹಿಂದೆಯೇ ಬಂತು.

ಇಂಗ್ಲಿಷರ ಕಿವಿಯೂ ಇಲ್ಲಿ ಎಡವಿದ್ದುಂಟು. ಕ್ರಿಕೆಟ್ಟಿನ ಅಂಪೈರ್ ಹಿಂದೆ 'ನೂಂಪೇರ್' ಎಂಬಂಥ ಪದ. 'ಎ ನೂಂಪೇರ್' ಎಂದು ಹೇಳಿದ್ದು 'ಆ್ಯನ್ ಊಂಪೇರ್' ಎಂದು ಕೇಳಿಸಿ ನಕಾರ ಆರ್ಟಿಕಲ್ಲಿನ ಪಾಲಾಯಿತು. ಏಪ್ರನ್ ಕೂಡ ಮೊದಲು ನಕಾರದಿಂದಲೇ ಶುರುವಾಗುತ್ತಿತ್ತು. ನಿಕ್‌ನೇಮ್ ಎಂಬ ಪದದಲ್ಲಿ ಉಲ್ಟಾ ಆಯಿತು, ಆ್ಯನ್‌ನ ನಕಾರ ಜಾರಿ ಪದಕ್ಕೆ ಸೇರಿಕೊಂಡಿತು. ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ಈ ಅಂಪೈರ್ ಕಥೆ ಬಹಳ ಇಷ್ಟವಾಗುತ್ತಿತ್ತು.

ಒಮ್ಮೆ ಎಸ್ಸೆಸ್ಸೆಲ್ಸಿಯ ಹುಡುಗಿಯೊಬ್ಬಳು ವಾಚನಾಲಯದಿಂದ ಡೆಕ್ಕನ್ ಹೆರಾಲ್ಡ್ ಹಿಡಿದು ಬಂದಳು. 'ಮಿಸ್, ಇಷ್ಟು ದೊಡ್ಡ ಹೆಡ್‌ಲೈನಲ್ಲಿ ಒಂದೂ ಆರ್ಟಿಕಲ್ ಇಲ್ಲ. ನಮಗೆ ಮಾತ್ರ ಯಾಕೆ ಮಾರ್ಕ್ಸ್ ಕಟ್ ಮಾಡ್ತೀರಿ?' ನ್ಯಾಯವಾದ ಪ್ರಶ್ನೆ. ತಲೆಬರಹಕ್ಕೆ ಜಾಗ ಕಡಿಮೆ, ಅರ್ಥವನ್ನು ಕೆಳಗಿನ ಸುದ್ದಿ ತುಂಬಿಕೊಡುತ್ತದೆ. ತಂತಿಯ ಕಾಲದಲ್ಲಿ ಕಾರಣ ದುಡ್ಡಾಗಿತ್ತು. ಪದಕ್ಕೆ ಇಷ್ಟು ಎಂದು ದರ ಇರುವಾಗ ಎ, ದಿ ಸೇರಿಸಿ ಕಾಸು ಕಳೆಯುವವರು ಯಾರು? 'ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ' ಎಂಬ ನಾಲ್ಕು ಪದ ಓದಿ ರಾತ್ರೋರಾತ್ರಿ ಬಸ್ಸು ಹತ್ತಿದ ಮನೆಗಳು ಮಲೆನಾಡಿನಲ್ಲಿ ಎಷ್ಟೋ. ಯಾರ ತಾಯಿ ಎಂದು ಕೇಳಬೇಕಾಗಿರಲಿಲ್ಲ. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತಿತು. ಆ ಹುಡುಗಿಗೆ ಅವರು ಕೊಟ್ಟ ಕೆಲಸ ಹೀಗಿತ್ತು: ಅದೇ ತಲೆಬರಹವನ್ನು ಪೂರ್ತಿ ವಾಕ್ಯ ಮಾಡಿ ಬಾ, ಯಾವ್ಯಾವ ಆರ್ಟಿಕಲ್ ಸೇರಿಸಿದೆ, ಯಾಕೆ ಎಂದು ಹೇಳು. ಸುದ್ದಿಯನ್ನು ಪೂರ್ತಿ ಓದದೆ ಆ ಕೆಲಸ ಮಾಡಲು ಬರುವುದಿಲ್ಲ.

ಆರ್ಟಿಕಲ್ ಬಿಟ್ಟರೆ ಅರ್ಥ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಅವರು ಬಳಸುತ್ತಿದ್ದ ಉದಾಹರಣೆ ಚಂದ್ರನ ಮೇಲಿನದು. 1969ರ ಜುಲೈನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಕಾಲಿಟ್ಟು ಆಡಿದ ಮಾತು ರೇಡಿಯೊದಲ್ಲಿ ಕೇಳಿಸಿದ್ದು 'ಫಾರ್ ಮ್ಯಾನ್' ಎಂದು. ಆರ್ಟಿಕಲ್ ಇಲ್ಲದ ಮ್ಯಾನ್ ಎಂದರೆ ಇಡೀ ಮನುಷ್ಯಕುಲ. ವಾಕ್ಯದ ಮುಂದಿನ ಅರ್ಧದಲ್ಲೂ ಮನುಷ್ಯಕುಲವೇ ಇರುವುದರಿಂದ ಒಬ್ಬನ ಸಣ್ಣ ಹೆಜ್ಜೆ, ಎಲ್ಲರ ದೊಡ್ಡ ಜಿಗಿತ ಎಂಬ ಎದುರುಬದುರು ಅಲ್ಲಿ ಕಾಣೆಯಾಗುತ್ತದೆ. ತಾನು ಹೇಳಹೊರಟದ್ದು 'ಫಾರ್ ಎ ಮ್ಯಾನ್' ಎಂದೇ ಆರ್ಮ್‌ಸ್ಟ್ರಾಂಗ್ ಹೇಳಿದರು. 2006ರಲ್ಲಿ ಪೀಟರ್ ಶಾನ್ ಫೋರ್ಡ್ ಎಂಬವರು ಧ್ವನಿಮುದ್ರಿಕೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಆ ಎ ಅಲ್ಲಿದೆ ಎಂದರು. ಎಲ್ಲರೂ ಅದನ್ನು ಒಪ್ಪಿಲ್ಲ.

ಚಂದ್ರನ ಎ ಯಾರಿಗೂ ನಷ್ಟ ಮಾಡಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ದಿ ಕಥೆ ಹಾಗಲ್ಲ. 1967ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ನಡೆದ ಯುದ್ಧದ ನಂತರ, ನವೆಂಬರ್ 22ರಂದು ಮಂಡಳಿ 242ನೇ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಮಂಡಿಸಿದವರು ಬ್ರಿಟನ್ನಿನ ಪ್ರತಿನಿಧಿ ಲಾರ್ಡ್ ಕ್ಯಾರಡನ್. ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲಿನ ಪಡೆಗಳು ಹಿಂದೆ ಸರಿಯಬೇಕು ಎಂಬ ಸಾಲಿನಲ್ಲಿ 'ಟೆರಿಟರೀಸ್' ಎಂಬ ಪದದ ಹಿಂದೆ ದಿ ಇಲ್ಲ. ಹಾಗಾಗಿ ಎಲ್ಲ ಪ್ರದೇಶಗಳಿಂದಲೂ ಎಂದು ಅರ್ಥವಾಗುವುದಿಲ್ಲ ಎಂಬುದು ಇಸ್ರೇಲಿನ ನಿಲುವು. ಅರಬ್ ದೇಶಗಳು ಫ್ರೆಂಚ್ ಪಾಠವನ್ನು ಮುಂದಿಟ್ಟವು. ಅಲ್ಲಿ ಆರ್ಟಿಕಲ್ ಇದೆ, ಎಲ್ಲ ಪ್ರದೇಶ ಎಂದೇ ಓದಬಹುದು. ರಷ್ಯನ್ ಭಾಷೆಯಲ್ಲಂತೂ ಕನ್ನಡದ ಹಾಗೆ ಆರ್ಟಿಕಲ್ಲೇ ಇಲ್ಲ.

ಈ ವಿಷಯ ಓದಿದ ಮೇಲೆ ಅವರು ಬಹಳ ದಿನ ಅದರಲ್ಲೇ ಮುಳುಗಿದ್ದರು. ದಿ ಇಲ್ಲದ ಬಹುವಚನ ಎಂದರೆ ಕೆಲವು ಎಂದೇ ಅರ್ಥವೇ? ರಸ್ತೆ ಬದಿಯಲ್ಲಿ 'ವೆಹಿಕಲ್ಸ್ ಮಸ್ಟ್ ನಾಟ್ ಸ್ಟಾಪ್ ಹಿಯರ್' ಎಂದು ಬರೆದರೆ ಎಲ್ಲ ವಾಹನಗಳಿಗೂ ಅದು ಅನ್ವಯ, ಕೆಲವಕ್ಕೆ ಮಾತ್ರ ಅಲ್ಲ. ಆದ್ದರಿಂದ ವ್ಯಾಕರಣ ಒಂದೇ ಇಂಥ ಜಗಳವನ್ನು ಬಿಡಿಸಲಾರದು ಎಂಬ ತೀರ್ಮಾನಕ್ಕೆ ಅವರು ಬಂದರು. ನಿರ್ಣಯದಲ್ಲಿ ದಿ ಬಿಟ್ಟವರು ಬೇಕೆಂದೇ ಬಿಟ್ಟಿದ್ದರು, ಸೇರಿಸಬೇಕೆಂದು ಸೋವಿಯತ್ ಕಡೆಯವರು ಒತ್ತಾಯಿಸಿದ್ದೂ ಉಂಟು. ಈಜಿಪ್ಟಿಗೆ ಸಿನಾಯ್ 1982ರ ಹೊತ್ತಿಗೆ ಮರಳಿ ಸಿಕ್ಕಿತು, ಅದು ಬೇರೆ ಒಪ್ಪಂದದಿಂದ. ಉಳಿದ ನೆಲದ ವಾದ ಇಂದಿಗೂ ನಡೆದಿದೆ.

ದೇಶಗಳ ಹೆಸರಿನಲ್ಲೂ ದಿ ರಾಜಕೀಯವಾಗುವುದುಂಟು. 1991ರಲ್ಲಿ ಉಕ್ರೇನ್ ಸ್ವತಂತ್ರವಾಗುವವರೆಗೆ ಇಂಗ್ಲಿಷಿನಲ್ಲಿ 'ದಿ ಉಕ್ರೇನ್' ಎಂಬುದು ಸಾಮಾನ್ಯವಾಗಿತ್ತು. ಅದು ದೇಶವನ್ನಲ್ಲ, ಯಾವುದೋ ಸಾಮ್ರಾಜ್ಯದ ಒಂದು ಸೀಮೆಯನ್ನು ಕರೆದಂತೆ ಕೇಳಿಸುತ್ತದೆ ಎಂದು ಅಲ್ಲಿನವರು ಬೇಸರಪಟ್ಟರು, ದಿ ಬಿದ್ದುಹೋಯಿತು. ನಮಗೂ ಇದು ಗೊತ್ತಿರುವ ಸಂಗತಿಯೇ. ಬ್ರಿಟಿಷರ ಕಡತಗಳಲ್ಲಿ 'ದಿ ಪಂಜಾಬ್', 'ದಿ ಕರ್ನಾಟಿಕ್' ಎಂದೇ ಇರುತ್ತಿತ್ತು. ಪಂಜಾಬ್ ಇಂದು ರಾಜ್ಯವಾಗಿ ದಿ ಕಳಚಿಕೊಂಡಿದೆ, ಸೀಮೆಯ ಹೆಸರಾಗಿಯೇ ಉಳಿದ ಡೆಕ್ಕನ್‌ಗೆ ಇನ್ನೂ ಇದೆ. 2022ರ ಫೆಬ್ರುವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಗಿ, ಅಲ್ಲಿ ವೈದ್ಯಕೀಯ ಓದುತ್ತಿದ್ದ ಕರ್ನಾಟಕದ ಮಕ್ಕಳ ಸುದ್ದಿಗೆ ಊರೆಲ್ಲ ಟಿವಿ ಮುಂದೆ ಕೂತಿದ್ದಾಗ, ನಿವೃತ್ತರಾಗಿದ್ದ ಅವರು ಇಂಗ್ಲಿಷ್ ವಾಹಿನಿಯ ಚರ್ಚೆಯಲ್ಲಿ ಹಿರಿಯರೊಬ್ಬರು 'ದಿ ಉಕ್ರೇನ್' ಎಂದದ್ದನ್ನು ಕೇಳಿಸಿಕೊಂಡರು. ಮೂವತ್ತು ವರ್ಷದ ಹಿಂದಿನ ಭೂಪಟ ಆ ಒಂದು ಪದದಲ್ಲಿ ಉಳಿದಿತ್ತು.

ಬದುಕಿಗೆ ಹತ್ತಿರದ ಉದಾಹರಣೆಗಳು ಪತ್ರಗಳಿಂದ ಬಂದವು. ಬೆಂಗಳೂರಿನ ಹಾಸ್ಟೆಲ್ ಸೇರಿದ ಶಿಷ್ಯೆಯೊಬ್ಬಳು 'ಐ ಹ್ಯಾವ್ ಫ್ಯೂ ಫ್ರೆಂಡ್ಸ್ ಹಿಯರ್' ಎಂದು ಬರೆದಿದ್ದಳು. ಎ ಇಲ್ಲದ ಫ್ಯೂ ಎಂದರೆ ಗೆಳತಿಯರೇ ಇಲ್ಲವೆನ್ನುವಷ್ಟು ಕಡಿಮೆ. ಓದಿದ ಶಿಕ್ಷಕಿಗೆ ಆತಂಕವಾಯಿತು, ಅವಳ ಮನೆಯವರಿಗೆ ಫೋನ್ ಮಾಡಿದರು. 'ಅಯ್ಯೋ ಮೇಡಂ, ಅವಳಿಗೆ ಅಲ್ಲಿ ಮೂರ್ನಾಲ್ಕು ಜನ ಗೆಳತಿಯರಾಗಿದಾರೆ, ಆರಾಮಾಗಿದಾಳೆ' ಎಂದರು ತಾಯಿ. ಅವಳು ಹೇಳಹೊರಟದ್ದು 'ಎ ಫ್ಯೂ'. ಅಮೆರಿಕದಲ್ಲಿ ನರ್ಸ್ ಆಗಿರುವ ಇನ್ನೊಬ್ಬ ಶಿಷ್ಯೆ ಬೇರೆ ಸಮಸ್ಯೆ ತಂದಳು. ರೋಗಿಯಾಗಿ ದಾಖಲಾಗಿದ್ದರೆ 'ಇನ್ ಹಾಸ್ಪಿಟಲ್', ನೋಡಲು ಹೋಗಿದ್ದರೆ 'ಇನ್ ದಿ ಹಾಸ್ಪಿಟಲ್' ಎಂದು ಮೇಡಂ ಕಲಿಸಿದ್ದರು, ಆದರೆ ಇಲ್ಲಿ ರೋಗಿಗೂ ದಿ ಹಚ್ಚುತ್ತಾರಲ್ಲ ಎಂದಳು. ಬ್ರಿಟಿಷರದ್ದು ಒಂದು ರೂಢಿ, ಅಮೆರಿಕದವರದ್ದು ಇನ್ನೊಂದು. ಅಲ್ಲಿದ್ದಷ್ಟು ದಿನ ಅಲ್ಲಿನ ಹಾಗೆ ಹೇಳು ಎಂದರು ಇವರು. ಶಾಲೆ, ಜೈಲುಗಳ ವಿಷಯದಲ್ಲಿ ಮಾತ್ರ ಎರಡೂ ಕಡೆ ಒಂದೇ ದಾರಿ: ಓದಲು ಹೋದರೆ, ಶಿಕ್ಷೆಗೆ ಹೋದರೆ ಆರ್ಟಿಕಲ್ ಇಲ್ಲ. ಆ ಕಟ್ಟಡಕ್ಕೆ ಬೇರೆ ಕೆಲಸದ ಮೇಲೆ ಹೋದರೆ ಇದೆ.

ಈಗಲೂ ತಾಲ್ಲೂಕಿನ ಇಂಗ್ಲಿಷ್ ಶಿಕ್ಷಕರ ಸಭೆಗೆ ಕರೆದರೆ ಅವರು ಹೋಗುತ್ತಾರೆ. ಕಳೆದ ಸಲ ಯುವ ಮೇಷ್ಟ್ರೊಬ್ಬರು ಕೇಳಿದರು: 'ಮೇಡಂ, ಕಾವೇರಿಗೆ ದಿ ಇದೆ, ಕೆರೆ ಸರೋವರಕ್ಕೆ ಯಾಕಿಲ್ಲ? ಇದನ್ನೂ ಕೇಳುವವರ ತಿಳಿವಳಿಕೆಯಿಂದ ವಿವರಿಸೋಕಾಗುತ್ತಾ?'

ಆಗುವುದಿಲ್ಲ ಎಂದರು. 'ದಿ ರಿವರ್ ಕಾವೇರಿ' ಎಂಬಲ್ಲಿ ರಿವರ್ ಬಿಟ್ಟರೂ ದಿ ಉಳಿಯುತ್ತದೆ. ಲೇಕ್, ಮೌಂಟ್ ಎಂಬುವು ಹೆಸರಿನ ಭಾಗವೇ ಆಗಿಬಿಟ್ಟಿರುವುದರಿಂದ ಅಲ್ಲಿ ದಿ ಬರುವುದಿಲ್ಲ. ಇಷ್ಟು ಹೇಳಬಹುದು, ಉಳಿದದ್ದು ರೂಢಿ. ಪತ್ರಿಕೆಗಳಲ್ಲೇ ನೋಡಿ, 1878ರಲ್ಲಿ ಮದರಾಸಿನಲ್ಲಿ ಶುರುವಾದ ಹಿಂದೂಗೆ ಹೆಸರಿನಲ್ಲೇ ದಿ ಇದೆ, 1948ರ ಡೆಕ್ಕನ್ ಹೆರಾಲ್ಡಿಗೆ ಇಲ್ಲ. ಇಂಥವನ್ನು ಓದುತ್ತಾ ಕಲಿಯಬೇಕು, ಮಕ್ಕಳು ಕಲಿಯುತ್ತಾರೆ ಕೂಡ. 'ಹಾಗಾದ್ರೆ ಪರೀಕ್ಷೆಗೆ ಆ ಪಟ್ಟಿ?' ಎಂದು ಇನ್ನೊಬ್ಬರು ಕೇಳಿದರು. ಮೊದಲು ಒಂದು ವಾರ ಕಥೆ, ಚಿತ್ರ, ಪತ್ರ ಮಾಡಿಸಿ, ಪಟ್ಟಿಗೆ ಕೊನೆಯಲ್ಲಿ ಒಂದು ಪೀರಿಯಡ್ ಸಾಕು ಎಂದು ಹೇಳಿ, ಅವರು ಚೀಲದಿಂದ ಹಳೇ ಕ್ಯಾಲೆಂಡರ್ ಹಾಳೆಗಳನ್ನು ತೆಗೆದು ಶಿಕ್ಷಕರನ್ನೇ ಇಬ್ಬಿಬ್ಬರಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರು.